ಉಂಬಳದ ನಾಟಕ

ನಮ್ಮೂರಿನ ಹವ್ಯಾಸಿ ನಾಟಕ ತಂಡದ ಸ್ಮರಣ ಸಂಚಿಕೆಗೆ ‘ನಡೆದು ಬಂದ ದಾರಿ’ ಎಂಬ ಲೇಖನ ಬರೆದುಕೊಡುವ ಹೊಣೆಯನ್ನು, 14 ವರ್ಷ ಪರದೆಯ ಮರೆಯಲ್ಲಿ ನಿಂತು ನಟರಿಗೆ ಮಾತು ಹೇಳಿಕೊಟ್ಟವನೆಂಬ ಒಂದೇ ಅರ್ಹತೆಯ ಮೇಲೆ ನನಗೆ ವಹಿಸಲಾಯಿತು. ದಾಖಲೆ ಪುಸ್ತಕದಲ್ಲಿ ನಾಟಕಗಳ ಹೆಸರು, ತಾರೀಖು, ಖರ್ಚು ಎಲ್ಲವೂ ಇದ್ದವು. ಆದರೆ ಆ ಹೆಸರುಗಳನ್ನು ಹಿಡಿದು ಊರಿನಲ್ಲಿ ವಿಚಾರಿಸಿದರೆ ಯಾರಿಗೂ ಗುರುತು ಹತ್ತಲಿಲ್ಲ. ಪ್ರೇಕ್ಷಕರು ನಮ್ಮ ನಾಟಕಗಳಿಗೆ ತಮ್ಮದೇ ನಾಮಕರಣ ಮಾಡಿಕೊಂಡಿದ್ದರು.

ಸಾಗರದ ಸೀಮೆಯಲ್ಲಿ ನಾಟಕ ಆಡುವವರ ಕಷ್ಟ ಬೇರೆಯವರಿಗೆ ತಿಳಿಯದು. ಪಕ್ಕದ ಹೆಗ್ಗೋಡಿನಲ್ಲಿ ನೀನಾಸಮ್ ಎಂಬ ನಾಟಕ ಸಂಸ್ಥೆ ಹುಟ್ಟಿದ್ದು 1949ರಲ್ಲಿ. ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ಹೀಗಾಗಿ ನಮ್ಮಲ್ಲಿ ಡೈರಿಗೆ ಹಾಲು ಹಾಕಲು ಬಂದವರೂ ಕ್ಯಾನು ಕೆಳಗಿಡುವ ಮೊದಲು ‘ನಿನ್ನೆ ಬೆಳಕು ಸ್ವಲ್ಪ ಹೆಚ್ಚಾಯಿತು ಮಾರಾಯರೇ’ ಎಂದು ವಿಮರ್ಶಿಸುತ್ತಾರೆ. ನಾಟಕಕ್ಕೆ ಸಿಗುವ ಕಾಲವೂ ಚಿಕ್ಕದು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೆದರಿ ಎಲ್ಲರೂ ಮೈಲುತುತ್ತ ಮತ್ತು ಸುಣ್ಣದ ಔಷಧಿ ಹೊಡೆಸುತ್ತ ತೋಟದಲ್ಲಿರುತ್ತಾರೆ. ಅದು ಮುಗಿದರೆ ಕೊಯ್ಲು. ಕೊಯ್ಲು ಮುಗಿದರೆ ಮದುವೆ, ಉಪನಯನ.

ಈ ಲೆಕ್ಕವನ್ನು ಮೀರುವ ಹುಮ್ಮಸ್ಸಿನಲ್ಲಿ ಒಂದು ವರ್ಷ ಜುಲೈ ತಿಂಗಳಲ್ಲಿಯೇ ಹರಿಶ್ಚಂದ್ರನ ಕಥೆಯನ್ನು ಆಡಿದೆವು. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿದ್ದುದರಿಂದ ಮೊದಲ ಎರಡು ಅಂಕಗಳು ಮೂಕಾಭಿನಯವಾಗಿಯೇ ನಡೆದವು. ಸ್ಮಶಾನದ ದೃಶ್ಯಕ್ಕೆ ಮಳೆ ತುಸು ಬಿಟ್ಟಿತು. ಹಾವು ಕಚ್ಚಿ ಸತ್ತ ಲೋಹಿತಾಶ್ವನಾಗಿ ಮಲಗಿದ್ದ ಹುಡುಗನ ಕಾಲಿಗೆ ಆ ಹೊತ್ತಿಗಾಗಲೇ ಉಂಬಳ, ಅಂದರೆ ನೆಲದ ಜಿಗಣೆ, ಹತ್ತಿತ್ತು. ಉಂಬಳ ಕಚ್ಚಿದ್ದು ಗೊತ್ತಾಗುವುದಿಲ್ಲ, ಕಚ್ಚಿದ ಮೇಲೆ ರಕ್ತ ಬೇಗ ಹೆಪ್ಪುಗಟ್ಟುವುದೂ ಇಲ್ಲ. ಆದ್ದರಿಂದ ಹುಡುಗ ನಿಶ್ಚಿಂತೆಯಿಂದ ಹೆಣವಾಗಿದ್ದ, ಅವನ ಬಿಳಿಯ ಪಂಚೆ ಮಾತ್ರ ನಿಧಾನವಾಗಿ ಕೆಂಪಾಗುತ್ತಿತ್ತು. ಮುಂದಿನ ಸಾಲಿನ ಹಿರಿಯರೊಬ್ಬರು ಹಾವಿನ ಕಡಿತವನ್ನು ಇಷ್ಟು ನೈಜವಾಗಿ ತೋರಿಸಿದ್ದನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ಪಕ್ಕದವರಿಗೆ ಹೇಳಿದ್ದು ನನಗೇ ಕೇಳಿಸಿತು. ಅಷ್ಟರಲ್ಲಿ ಚಂದ್ರಮತಿ ಅದನ್ನು ಕಂಡಳು. ‘ಅಯ್ಯೋ ಮಗನೇ’ ಎಂದು ಎತ್ತಿದ್ದ ರಾಗವನ್ನು ಇಳಿಸದೆಯೇ ಅವಳು ‘ಯಾರಾದರೂ ಸುಣ್ಣ ಕೊಡಿರೋ’ ಎಂದು ಗೋಳಿಟ್ಟಳು; ಸುಣ್ಣ ತಾಗಿದರೆ ಉಂಬಳ ಉದುರುತ್ತದೆ. ಸುಡುಗಾಡಿನ ಸುಂಕಕ್ಕಾಗಿ ಕೈಯೊಡ್ಡಿ ನಿಂತಿದ್ದ ಹರಿಶ್ಚಂದ್ರನು, ಕವಳದ (ಎಲೆಯಡಿಕೆಯ) ಅಭ್ಯಾಸವಿದ್ದವನಾದ್ದರಿಂದ, ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು ಕೊಟ್ಟು, ಮತ್ತೆ ಕೈಯೊಡ್ಡಿ ಸುಂಕ ಕೇಳಿದನು. ಸತ್ಯಸಂಧನೆಂದರೆ ಅವನೇ.

‘ಅಡಿಕೆ ಸುಲಿದ ನಾಟಕ’ದಲ್ಲಿ ತಪ್ಪು ನನ್ನದು. ಕೊಯ್ಲಿನ ದಿನಗಳಲ್ಲಿ ಕೌರವನು ತಾಲೀಮಿಗೆ ಬಾರದಿದ್ದಾಗ, ತಾಲೀಮನ್ನೇ ಅವನ ಮನೆಯ ಅಡಿಕೆ ಚಪ್ಪರಕ್ಕೆ ಒಯ್ಯುವ ಸಲಹೆ ಕೊಟ್ಟವನು ನಾನು. ಅವನು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತು, ಒಂದು ಅಡಿಕೆಗೆ ಒಂದು ಮಾತಿನಂತೆ, ಇಡೀ ಪಾತ್ರವನ್ನು ಬಾಯಿಪಾಠ ಮಾಡಿದನು. ರಂಗದ ಮೇಲೆ ಗದೆ ಹಿಡಿದು ನಿಂತಾಗ ಒಂದು ಮಾತೂ ಹೊರಡಲಿಲ್ಲ. ನಾನು ಮೂರು ಸಲ ಹೇಳಿಕೊಟ್ಟೆ. ಭೀಮನೂ ಒಮ್ಮೆ ಹೇಳಿಕೊಟ್ಟನು. ಕೊನೆಗೆ ಅವನು ಗದೆಯನ್ನು ಕೆಳಗಿಟ್ಟು, ಕುಕ್ಕರಗಾಲಿನಲ್ಲಿ ಕುಳಿತು, ಗಾಳಿಯಲ್ಲಿ ಅಡಿಕೆ ಸುಲಿಯತೊಡಗಿದೊಡನೆ ಮಾತು ಹೊಳೆಯಂತೆ ಹರಿಯಿತು. ತೊಡೆ ಮುರಿದು ಬೀಳುವವರೆಗೂ ಅವನು ಏಳಲಿಲ್ಲ. ಮರುದಿನ ನನ್ನ ಅತ್ತೆಯವರು ‘ಕೌರವ ಒಟ್ಟು ಎಷ್ಟು ಡಬ್ಬ ಸುಲಿದನಂತೆ?’ ಎಂದು ವಿಚಾರಿಸಿದರು.

ಕರೆಂಟು ಹೋದ ನಾಟಕ, ಮೀಸೆ ಉದುರಿದ ನಾಟಕಗಳನ್ನು ಬರೆಯಹೊರಟರೆ ಸಂಚಿಕೆ ಸಾಲದು. ಶಿವಮೊಗ್ಗದ ಪ್ರದರ್ಶನಕ್ಕೆ ಹೋದಾಗ ಅಡಿಕೆ ಮೂಟೆಗಳ ಜೊತೆ ಸಿಂಹಾಸನವೂ ಮಂಡಿಯಲ್ಲಿ ಇಳಿದುಹೋಗಿ, ಮಹಾರಾಜನು ಮೂರು ಅಂಕಗಳನ್ನು ನಿಂತೇ ಆಳಿದ್ದು ಮಾತ್ರ ಉಲ್ಲೇಖಾರ್ಹ. ಸಿಂಹಾಸನ ವಾರದ ಬಳಿಕ ಮರಳಿತು. ಮಂಡಿಯವರು ಅದರ ಬೆನ್ನಿಗೆ ಬರೆದ ಲಾಟು ಸಂಖ್ಯೆ ಇಂದಿಗೂ ಅಳಿಸಿಲ್ಲ.

ಇಷ್ಟನ್ನೂ ಬರೆದು ಸಭೆಯಲ್ಲಿ ಓದಿದೆ. ಅಂದಿನ ಚಂದ್ರಮತಿಯೇ ಇಂದಿನ ಅಧ್ಯಕ್ಷೆ. ಸಂಘದ ಮರ್ಯಾದೆಯ ಮಾತು ಬರಬಹುದೆಂದು ನಾನು ಅಂಜುತ್ತಿದ್ದರೆ, ಅವರು ಕನ್ನಡಕ ಸರಿಪಡಿಸಿಕೊಂಡು ಒಂದೇ ತಿದ್ದುಪಡಿ ಸೂಚಿಸಿದರು: ‘ಉಂಬಳ ಒಂದಲ್ಲ, ಎರಡು. ಇನ್ನೊಂದು ನನ್ನ ಕಾಲಿಗೆ ಹತ್ತಿತ್ತು. ಸುಣ್ಣ ಕೇಳಿದ್ದು ನನಗೆ.’