ಫೈಲ್ ನಿಮ್ಮದೇ, ಕೀಲಿಕೈ ಯಾರ ಹತ್ತಿರ ಇದೆ?

ಕ್ಲೌಡ್‌ನಲ್ಲಿ, ಅಂದರೆ ಇಂಟರ್‌ನೆಟ್ ಮೂಲಕ ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಇಟ್ಟಿರುವ ನಮ್ಮ ಫೈಲ್‌ಗಳನ್ನು ಸರ್ಕಾರ ನೋಡಬಹುದು ಅಂದ ಕೂಡಲೇ ಒಂದು ಉತ್ತರ ರೆಡಿ ಇರುತ್ತದೆ. "ನಾನೇನು ತಪ್ಪು ಮಾಡಿಲ್ಲ, ನೋಡಿದ್ರೆ ನೋಡ್ಕೊಳ್ಳಲಿ ಬಿಡಿ." ಹೀಗೆ ಹೇಳುವವರು ಯಾರೂ ಫೋನಿನ ಲಾಕ್ ತೆಗೆದು ಪಕ್ಕದಲ್ಲಿ ಕೂತವರ ಕೈಗೆ ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ. ಅದಿರಲಿ. ನೀವು ತಪ್ಪು ಮಾಡಿದ್ದೀರೋ ಇಲ್ಲವೋ ಅಂತ ತೀರ್ಮಾನ ಮಾಡೋರು ನೀವಲ್ಲವಲ್ಲ, ತೊಂದರೆ ಇರೋದು ಅಲ್ಲಿ.

2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆಗೆ ಏನಾಯ್ತು ನೋಡಿ. ಪುಟ್ಟ ಮಗನ ಗುಪ್ತಾಂಗದಲ್ಲಿ ಊತ ಬಂದಿತ್ತು. ಕೊರೊನಾ ಕಾಲ, ಡಾಕ್ಟರ್ ವಿಡಿಯೊದಲ್ಲೇ ನೋಡುತ್ತಿದ್ದರು. ಮೊದಲೇ ಫೋಟೊ ಕಳಿಸಿ ಅಂತ ನರ್ಸ್ ಹೇಳಿದರು. ಫೋಟೊ ತೆಗೆದು ಕಳಿಸಿದರು, ಔಷಧಿ ಸಿಕ್ಕಿತು, ಮಗು ಹುಷಾರಾಯಿತು. ಆದರೆ ಫೋನು ಆ ಫೋಟೊಗಳನ್ನು ತಾನಾಗಿಯೇ ಗೂಗಲ್ ಕ್ಲೌಡ್‌ಗೆ ಏರಿಸಿಬಿಟ್ಟಿತ್ತು. ಅಲ್ಲಿನ ಸಾಫ್ಟ್‌ವೇರ್ ಅವನ್ನು ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಅಂತ ಗುರುತು ಹಾಕಿತು. ಎರಡೇ ದಿನದಲ್ಲಿ ಅಕೌಂಟ್ ಬಂದ್. ಇಮೇಲ್, ಕಾಂಟ್ಯಾಕ್ಟ್‌ಗಳು, ಮಗನ ಹಳೇ ಫೋಟೊಗಳು, ಕೊನೆಗೆ ಫೋನ್ ನಂಬರ್ ಕೂಡ ಹೋಯಿತು, ಏಕೆಂದರೆ ಮೊಬೈಲ್ ಸರ್ವಿಸ್ ಕೂಡ ಅದೇ ಕಂಪನಿಯದ್ದು. ಪೊಲೀಸರು ವಾರಂಟ್ ತಂದು ಅವರ ಸರ್ಚ್ ಹಿಸ್ಟರಿ, ಲೊಕೇಶನ್, ಮೆಸೇಜ್, ಫೋಟೊ ಎಲ್ಲ ತರಿಸಿಕೊಂಡು ಜಾಲಾಡಿದರು. ಅಪರಾಧ ಏನೂ ಇಲ್ಲ ಅಂತ ಕೇಸ್ ಮುಚ್ಚಿದರು. ತನಿಖಾಧಿಕಾರಿ ಆ ತಂದೆಯನ್ನು ಸಂಪರ್ಕಿಸಲು ನೋಡಿದರೆ ಇಮೇಲೂ ಇಲ್ಲ, ನಂಬರೂ ಇಲ್ಲ! ಪೊಲೀಸರೇ ನಿರಪರಾಧಿ ಅಂದ ಮೇಲೂ ಕಂಪನಿ ಅಕೌಂಟ್ ವಾಪಸ್ ಕೊಡಲಿಲ್ಲ.

ಮಕ್ಕಳನ್ನು ಹಿಂಸಿಸುವವರನ್ನು ಹುಡುಕಬೇಡಿ ಅಂತ ಯಾರು ಹೇಳುತ್ತಾರೆ? ನಾನು ಕೇಳೋದು ಇಷ್ಟೇ. ನನ್ನ ಖಾಸಗಿ ಫೋಟೊವನ್ನು ಕಂಪನಿ ತೆರೆದು ನೋಡಲು ಸಾಧ್ಯ ಆಗಿದ್ದಾದರೂ ಹೇಗೆ? "ಎನ್‌ಕ್ರಿಪ್ಟ್ ಆಗಿದೆ, ಸೇಫ್ ಆಗಿದೆ" ಅಂತ ಹೇಳಿದ್ದರಲ್ಲ, ಅಂದರೆ ಕೀಲಿ ಇಲ್ಲದವರಿಗೆ ಓದಲಾಗದ ಹಾಗೆ ಮಾಹಿತಿಯನ್ನು ಬದಲಾಯಿಸಿ ಇಟ್ಟಿದೆ ಅಂತ?

ಹೇಳಿದ್ದು ಸುಳ್ಳಲ್ಲ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಎಲ್ಲವೂ ಫೈಲ್ ಎನ್‌ಕ್ರಿಪ್ಟ್ ಮಾಡಿಯೇ ಇಡುತ್ತವೆ. ಆದರೆ ನಮ್ಮ ನಿಮ್ಮಂಥವರ ಸಾಮಾನ್ಯ ಅಕೌಂಟ್‌ಗಳಲ್ಲಿ ಅದರ ಕೀಲಿ ಇರೋದು ಕಂಪನಿಯ ಕೈಯಲ್ಲಿ. ಅನುಮಾನ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಪಾಸ್‌ವರ್ಡ್ ಮರೆತು, ರೀಸೆಟ್ ಮಾಡಿ ಒಳಗೆ ಹೋದ ಮೇಲೆ ಹಳೇ ಫೈಲ್‌ಗಳು ಮೊದಲಿನ ಹಾಗೇ ತೆರೆಯುತ್ತವಾ? ತೆರೆದರೆ ಆ ಕೀಲಿ ನಿಮ್ಮ ಪಾಸ್‌ವರ್ಡ್‌ನಲ್ಲಿ ಇರಲೇ ಇಲ್ಲ ಅಂತಾಯ್ತು. ಬಾಡಿಗೆ ಮನೆ ಓನರ್ ಇನ್ನೊಂದು ಕೀ ಇಟ್ಟುಕೊಂಡ ಹಾಗೆ. ಓನರ್ ಒಳ್ಳೆಯವರೇ ಇರಬಹುದು. ಆದರೆ ಪೊಲೀಸರು ಬಂದರೆ ಬಾಗಿಲು ತೆಗೆಯೋದು ಅವರು, ನೀವಲ್ಲ. ನಿಮಗೆ ಹೇಳಲೇಬೇಕು ಅಂತಲೂ ಇಲ್ಲ.

ಕಾನೂನು ಕಾಯುತ್ತೆ ಅಂತೀರಾ? ನಮ್ಮ ಫೈಲ್‌ಗಳಲ್ಲಿ ಬಹುಪಾಲು ಇರೋದು ಅಮೆರಿಕದ ಕಂಪನಿಗಳ ಹತ್ತಿರ. ಅಲ್ಲಿನ ಕಾನೂನು 1986ರದ್ದು. ಆಗ ಸ್ಟೋರೇಜ್ ಭಾರೀ ದುಬಾರಿ. ಇಮೇಲ್ ಅನ್ನು ಇಳಿಸಿಕೊಂಡು ಸರ್ವರ್‌ನಿಂದ ಅಳಿಸುವುದೇ ರೂಢಿ. ಹಾಗಾಗಿ 180 ದಿನ ದಾಟಿದ ಮೇಲೂ ಸರ್ವರ್‌ನಲ್ಲೇ ಬಿದ್ದಿರುವ ಇಮೇಲ್ ಯಾರಿಗೂ ಬೇಡವಾದದ್ದು ಅಂತ ಲೆಕ್ಕ ಹಾಕಿದರು. ಅದನ್ನು ಪಡೆಯಲು ಜಡ್ಜ್ ಕೊಡುವ ವಾರಂಟ್ ಬೇಕಿಲ್ಲ, ಅದಕ್ಕಿಂತ ಸುಲಭದ ಆದೇಶ ಸಾಕು ಅಂತ ಬರೆದರು. ಇವತ್ತು ನಮ್ಮ ಹತ್ತು ವರ್ಷದ ಬದುಕು ಇನ್‌ಬಾಕ್ಸ್‌ನಲ್ಲಿ ಕೂತಿದೆ, ಅಲ್ವಾ? 2010ರಲ್ಲಿ ಅಲ್ಲಿನ ಒಂದು ಮೇಲ್ಮನವಿ ಕೋರ್ಟ್ ಇಮೇಲ್‌ಗೆ ವಾರಂಟ್ ಬೇಕೇ ಬೇಕು ಅಂತ ಹೇಳಿತು. ದೊಡ್ಡ ಕಂಪನಿಗಳು ಅದನ್ನೇ ಹಿಡಿದುಕೊಂಡು ವಾರಂಟ್ ಕೇಳತೊಡಗಿದವು. ಕಾನೂನನ್ನೇ ತಿದ್ದೋಣ ಅಂತ 2016ರಲ್ಲಿ ಮಸೂದೆ ತಂದರು. ಕೆಳಮನೆಯಲ್ಲಿ 419 ಮತ ಪರ, ಒಂದೂ ವಿರೋಧ ಇಲ್ಲ. ಆದರೂ ಮೇಲ್ಮನೆಯಾದ ಸೆನೆಟ್‌ನಲ್ಲಿ ಅದು ಪಾಸಾಗಲೇ ಇಲ್ಲ.

ಇದು ಮುಂಬಾಗಿಲಿನ ಕಥೆ. ಹಿಂಬಾಗಿಲಿನದ್ದು ಅಮೆರಿಕದ ಗೂಢಚಾರ ಸಂಸ್ಥೆಗೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಹೊರಗೆ ತಂದ ದಾಖಲೆಗಳಲ್ಲಿದೆ. ದೊಡ್ಡ ಕಂಪನಿಗಳಿಂದ ಬಳಕೆದಾರರ ಮಾಹಿತಿ ಪಡೆಯುವ ಅಮೆರಿಕದ ಗುಪ್ತ ಯೋಜನೆ ಪ್ರಿಸಂ ವಿಷಯ ತುಂಬಾ ಜನ ಕೇಳಿದ್ದೀರಿ. ನನಗೆ ಜಾಸ್ತಿ ನೆನಪಿರೋದು ಅದರಲ್ಲಿನ ಒಂದು ಕೈಬರಹದ ಚಿತ್ರ. ಹಳದಿ ಚೀಟಿಯ ಮೇಲೆ ಎರಡು ಮೋಡ. ಒಂದು ಸಾರ್ವಜನಿಕ ಇಂಟರ್‌ನೆಟ್, ಇನ್ನೊಂದು ಗೂಗಲ್‌ನ ಒಳಗಿನ ಜಾಲ. ಎನ್‌ಕ್ರಿಪ್ಶನ್ ಎಲ್ಲಿ ಕಳಚುತ್ತದೆ ಅಂತ ಬಾಣ ಹಾಕಿ ತೋರಿಸಿ, ಪಕ್ಕದಲ್ಲಿ ಒಂದು ಸ್ಮೈಲಿ. ಗೂಗಲ್ ಮತ್ತು ಯಾಹೂ ಡೇಟಾ ಸೆಂಟರ್‌ಗಳ ನಡುವಿನ ಕೇಬಲ್‌ನಲ್ಲಿ ಮಾಹಿತಿ ಆಗ ಎನ್‌ಕ್ರಿಪ್ಟ್ ಆಗದೆ ಓಡಾಡುತ್ತಿತ್ತು. ಅಮೆರಿಕ ಮತ್ತು ಬ್ರಿಟನ್ನಿನ ಗೂಢಚಾರ ಸಂಸ್ಥೆಗಳು ಅಲ್ಲೇ ಕಿವಿಗೊಟ್ಟು ಕೂತಿದ್ದವು. ಆಮೇಲೆ ಕಂಪನಿಗಳು ಆ ದಾರಿ ಮುಚ್ಚಿದವು. ಆ ಸ್ಮೈಲಿ ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ಯಾರೋ ಆಫೀಸಲ್ಲಿ ಕೂತು ಖುಷಿಯಿಂದ ಬಿಡಿಸಿದ್ದಾರೆ ಅದನ್ನ.

ನನಗೆ ನಿಜಕ್ಕೂ ಸಿಟ್ಟು ಬರೋದು ಈ ಗುಟ್ಟಿನ ಬಗ್ಗೆ. ಮನೆಗೆ ಪೊಲೀಸರು ಬಂದು ಹುಡುಕಿದರೆ ಕನಿಷ್ಠ ಬಂದಿದ್ದಾರೆ ಅಂತ ಗೊತ್ತಾಗುತ್ತದೆ. ವಕೀಲರನ್ನು ಹಿಡಿಯಬಹುದು, ಕೋರ್ಟ್‌ಗೆ ಹೋಗಬಹುದು. ಕ್ಲೌಡ್‌ನಲ್ಲಿ ಹುಡುಕಿದರೆ ಗೊತ್ತೇ ಆಗಲ್ಲ. 2016ರಲ್ಲಿ ಮೈಕ್ರೋಸಾಫ್ಟ್ ಅಮೆರಿಕ ಸರ್ಕಾರದ ಮೇಲೇ ಕೇಸ್ ಹಾಕಿತು. ಹದಿನೆಂಟು ತಿಂಗಳಲ್ಲಿ ಸುಮಾರು 2,600 ಸಲ "ಗ್ರಾಹಕರಿಗೆ ಹೇಳಬಾರದು" ಅಂತ ಆದೇಶ ಬಂದಿದೆ, ಅದರಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚಿನವಕ್ಕೆ ಕೊನೆ ದಿನಾಂಕವೇ ಇಲ್ಲ ಅನ್ನೋದು ಅದರ ದೂರು. ಅಂದರೆ ಆ ಗ್ರಾಹಕರಿಗೆ ಯಾವತ್ತೂ ಹೇಳುವ ಹಾಗಿರಲಿಲ್ಲ.

ಬೇರೆ ಕಡೆಯೂ ಕಥೆ ಇದೇ. ಗ್ರಾಹಕರ ಎನ್‌ಕ್ರಿಪ್ಟ್ ಆದ ಫೈಲ್‌ಗಳನ್ನು ನೋಡುವ ದಾರಿ ಮಾಡಿಕೊಡಿ ಅಂತ ಬ್ರಿಟನ್ ಸರ್ಕಾರ ಆ್ಯಪಲ್‌ಗೆ ಗುಟ್ಟಾಗಿ ಆದೇಶ ಕೊಟ್ಟಿದೆ ಅಂತ ಸುದ್ದಿ ಬಂದ ಬೆನ್ನಲ್ಲೇ, 2025ರ ಫೆಬ್ರವರಿಯಲ್ಲಿ ಕಂಪನಿ ಐಕ್ಲೌಡ್‌ನ ಅತಿ ಗಟ್ಟಿ ಎನ್‌ಕ್ರಿಪ್ಶನ್ ಸೌಲಭ್ಯವನ್ನು ಅಲ್ಲಿನ ಹೊಸ ಬಳಕೆದಾರರಿಗೆ ಕೊಡುವುದನ್ನು ನಿಲ್ಲಿಸಿತು. ಅಂಥ ಆದೇಶ ಬಂದಿದೆ ಅಂತ ಬಾಯಿ ಬಿಡುವುದಕ್ಕೂ ಅಲ್ಲಿನ ಕಾನೂನಿನಲ್ಲಿ ಅವಕಾಶ ಇಲ್ಲ. ಭಾರತದ ಐಟಿ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಕಂಪ್ಯೂಟರಿನಲ್ಲಿ ಇಟ್ಟ ಮಾಹಿತಿಯನ್ನೂ ಎನ್‌ಕ್ರಿಪ್ಶನ್ ಬಿಡಿಸಿ ಕೊಡಿ ಅಂತ ಆದೇಶಿಸಬಹುದು. ಆ ಆದೇಶ ಕೊಡೋದು ಜಡ್ಜ್ ಅಲ್ಲ, ಗೃಹ ಕಾರ್ಯದರ್ಶಿ. ಅದು ಸರಿಯೋ ತಪ್ಪೋ ಅಂತ ಆಮೇಲೆ ನೋಡುವ ಸಮಿತಿಯಲ್ಲಿ ಇರೋರೂ ಅಧಿಕಾರಿಗಳೇ.

ಸರ್ಕಾರ ಯಾರ ಫೈಲನ್ನೂ ಮುಟ್ಟಲೇಬಾರದು ಅನ್ನುವವನಲ್ಲ ನಾನು. ಇಂಥ ವ್ಯಕ್ತಿ, ಇಂಥ ಅಪರಾಧ, ಇಷ್ಟು ಅವಧಿ ಅಂತ ಜಡ್ಜ್ ಮುಂದೆ ಹೇಳಿ ಅನುಮತಿ ತರಲಿ. ತನಿಖೆ ಮುಗಿದ ಮೇಲೆ ಆ ವ್ಯಕ್ತಿಗೆ ತಿಳಿಸಲಿ. ಇಷ್ಟು ಕೇಳಿದರೆ "ಭಯೋತ್ಪಾದಕರ ಪರ" ಅನ್ನೋರಿದ್ದಾರೆ. ಅವರ ಜೊತೆ ವಾದ ಮಾಡಿ ಸುಮ್ನೆ ಟೈಮ್ ವೇಸ್ಟ್.

ಕಾನೂನು ಬದಲಾಗುವಾಗ ಆಗಲಿ, ಅಲ್ಲಿವರೆಗೆ ನಮ್ಮ ಕೈಲಾಗೋದು ಮಾಡಿಕೊಳ್ಳೋಣ. ಎಲ್ಲವನ್ನೂ ಕ್ಲೌಡ್‌ನಿಂದ ತೆಗೆಯಿರಿ ಅಂತ ಹೇಳಲ್ಲ, ನಾನೂ ತೆಗೆದಿಲ್ಲ. ಟ್ರಿಪ್ಪಿನ ಫೋಟೊ ಎಲ್ಲಿದ್ದರೇನು! ಆದರೆ ಮೆಡಿಕಲ್ ರಿಪೋರ್ಟ್, ಗುರುತಿನ ಚೀಟಿಗಳು, ಕೋರ್ಟ್ ಪೇಪರ್, ಡೈರಿ, ಇಂಥವನ್ನು ನಿಮ್ಮ ಕಂಪ್ಯೂಟರಿನಲ್ಲೇ ಬೀಗ ಹಾಕಿ ಆಮೇಲೆ ಮೇಲೇರಿಸಿ. ಕ್ರಿಪ್ಟೊಮೇಟರ್ ಅಂತ ಒಂದು ಓಪನ್ ಸೋರ್ಸ್ (ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದಾದ) ಸಾಫ್ಟ್‌ವೇರ್ ಇದೇ ಕೆಲಸಕ್ಕೆ ಇದೆ. ಆಗ ಕಂಪನಿಯ ಹತ್ತಿರ ಇರೋದು ಅರ್ಥವಾಗದ ಕಸ ಮಾತ್ರ, ಯಾರು ಕೇಳಿದರೂ ಅದನ್ನೇ ಕೊಡಬೇಕು. ಹಾಗಂತ ಪೂರ್ತಿ ಮಾಯ ಆಗಲ್ಲ. ಯಾವಾಗ ಲಾಗಿನ್ ಆದಿರಿ, ಎಲ್ಲಿಂದ, ಎಷ್ಟು ದೊಡ್ಡ ಫೈಲ್ ಅನ್ನೋದು ಆಗಲೂ ಕಾಣುತ್ತದೆ.

ತುಂಬಾ ಜನರಿಗೆ ಗೊತ್ತಿಲ್ಲದ್ದು ವಾಟ್ಸಾಪ್ ಬ್ಯಾಕಪ್. ಚಾಟ್ ಏನೋ ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್, ಅಂದರೆ ಕಳಿಸಿದವರು ಮತ್ತು ಪಡೆದವರು ಬಿಟ್ಟು ನಡುವೆ ಕಂಪನಿಯೂ ಓದಲಾಗದು. ಆದರೆ ಅದರ ಬ್ಯಾಕಪ್ ಗೂಗಲ್ ಅಥವಾ ಐಕ್ಲೌಡ್‌ಗೆ ಹೋಗುವಾಗ ಅದೇ ರಕ್ಷಣೆ ಬೇಕು ಅಂದರೆ ನೀವೇ ಸೆಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು. 2021ರಿಂದ ಈ ಸೌಲಭ್ಯ ಇದೆ. ಚಾಟ್ಸ್, ಚಾಟ್ ಬ್ಯಾಕಪ್, ಅದರೊಳಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್. ಇಷ್ಟು ಮುಖ್ಯವಾದದ್ದನ್ನು ಇಷ್ಟು ಒಳಗೆ ಬಚ್ಚಿಟ್ಟಿದ್ದಾರೆ! ಒಂದು ಮಾತು, ಇಲ್ಲಿ ಫೋನ್ ಕಳೆದು ಪಾಸ್‌ವರ್ಡೂ ಮರೆತರೆ ಯಾವ ರೀಸೆಟ್ಟೂ ಆ ಬ್ಯಾಕಪ್ಪನ್ನು ತೆರೆಯಲ್ಲ, ಹೋಯಿತು ಅಂದರೆ ಹೋಯಿತು. ಪಾಸ್‌ವರ್ಡ್ ಬೇಡ ಅಂದರೆ 64 ಅಂಕಿಯ ಕೀಲಿ ಕೊಡುತ್ತದೆ, ಬರೆದಿಟ್ಟುಕೊಳ್ಳಿ. ಬರೆದದ್ದರ ಫೋಟೊ ತೆಗೆದು ಮತ್ತೆ ಅದೇ ಕ್ಲೌಡ್‌ಗೆ ಹಾಕಬೇಡಿ ಮಾರಾಯ್ರೆ.