ನಿಜ ಹೇಳಿದ ಅಲಾರಾಂನ ಬಾಯಿ ಮುಚ್ಚಿಸಿದರು

ಫೈಬರ್ ಲಿಂಕ್ ನೋಡಿಕೊಳ್ಳುವವನು ನಾನು. ಯಂತ್ರಕ್ಕೆ ಫೈಬರ್ ಜೋಡಿಸುವ ತುಂಡು ಕೇಬಲ್, ಅಂದರೆ ಒಂದು ಪ್ಯಾಚ್ ಕಾರ್ಡ್‌ಗೋಸ್ಕರ ಮೂರು ರಾತ್ರಿ ನಿದ್ದೆಗೆಟ್ಟಿದ್ದೇನೆ. ಬೈಯದೆ ಇರೋಕೆ ಆಗ್ತಿಲ್ಲ.

ಮೊದಲ ರಾತ್ರಿ ಕಂಟ್ರೋಲ್ ರೂಮಿನಿಂದ ಫೋನ್. "ನಿಮ್ಮ ಕಡೆ ಆರ್‌ಡಿಐ ಅಲಾರಾಂ ಬಂದು ಬಂದು ಹೋಗ್ತಿದೆ, ಕಾರ್ಡ್ ಬದಲಾಯಿಸಿ." (ಇದು ಪ್ಯಾಚ್ ಕಾರ್ಡ್ ಅಲ್ಲ, ಲೇಸರ್ ಮತ್ತು ರಿಸೀವರ್ ಇರುವ ಸರ್ಕ್ಯೂಟ್ ಬೋರ್ಡ್.) ಆರ್‌ಡಿಐ ಅಂದರೆ ಏನು ಸ್ವಾಮಿ? ಆಚೆ ತುದಿಯವನು "ನಿನ್ನ ಮಾತು ನನಗೆ ಕೇಳಿಸ್ತಿಲ್ಲ" ಅಂತ ಕೂಗಿ ಹೇಳುತ್ತಿದ್ದಾನೆ. ಆ ಕೂಗು ಇಲ್ಲಿಗೆ ಕೇಳಿಸಿತು ಅಂದಮೇಲೆ ಇಲ್ಲಿನ ಕಿವಿ ಚೆನ್ನಾಗಿಯೇ ಇದೆ, ಅಲ್ವಾ? ತೊಂದರೆ ಇರುವುದು ಒಂದೋ ನಮ್ಮ ಬಾಯಲ್ಲಿ, ಇಲ್ಲ ದಾರಿಯಲ್ಲಿ, ಇಲ್ಲ ಅವನ ಕಿವಿಯಲ್ಲಿ. ಲೇಸರ್ ಪವರ್ ಅಳೆದೆ, +2 ಡಿಬಿಎಂ (ಬೆಳಕಿನ ಬಲದ ಅಳತೆ), ಬಾಯಿ ಗಟ್ಟಿಯಾಗಿದೆ. ಹೇಳಿದೆ. ಕೇಳಲಿಲ್ಲ. ಕಾರ್ಡ್ ಬದಲಾಯಿಸಿದೆ, ಆರ್‌ಡಿಐ ಮತ್ತೆ ಬಂತು. ಎರಡನೇ ರಾತ್ರಿ ಇನ್ನೊಂದು ಕಾರ್ಡ್!

ಜೊತೆಗೆ ಒಬ್ಬ ಮಹಾನುಭಾವ ಫೋನಿನಲ್ಲೇ "ಒಂದು ಲೂಪ್ ಹಾಕಿ ನೋಡಿ" ಅಂದ. ದೂರದ ಲಿಂಕಿನ ಲೇಸರನ್ನು ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಇಲ್ಲದೆ ಹೀಗೆ ಅದೇ ಕಾರ್ಡಿನ ರಿಸೀವರ್‌ಗೆ ನೇರವಾಗಿ ಚುಚ್ಚಿದರೆ ರಿಸೀವರ್ ಸುಟ್ಟೇ ಹೋಗಬಹುದು. ಸುಟ್ಟರೆ ಬೈಗುಳ ಯಾರಿಗೆ? ನನಗೆ.

ಮೂರನೇ ರಾತ್ರಿ ಯಾರನ್ನೂ ಕೇಳದೆ ಆಚೆ ತುದಿಗೆ ಹೋದೆ. ರ‍್ಯಾಕ್ ಬಾಗಿಲು ತೆರೆದು ಬರುವ ಬೆಳಕಿನ ಪವರ್ ನೋಡಿದರೆ -17 ಡಿಬಿಎಂ, ಏನೂ ತೊಂದರೆ ಇಲ್ಲ. ಕನೆಕ್ಟರ್ ಒರೆಸಿದೆ, ಫೈಬರಿನಲ್ಲಿ ಬೆಳಕು ಹರಿಯುವ 9 ಮೈಕ್ರಾನ್ ಕೋರ್ ಮೇಲೆ ಒಂದು ಧೂಳಿನ ಕಣ ಕೂತರೂ ಸಾಕಲ್ಲ ಅಂತ. ಬಾಗಿಲು ಹಾಕಿ ಹೊರಟೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಫೋನ್, ಆರ್‌ಡಿಐ ಮತ್ತೆ ಬಂತಂತೆ. ವಾಪಸ್ ಬಂದು ಬಾಗಿಲು ತೆರೆದೆ, ಅಲಾರಾಂ ಹೋಯಿತು. ಆಗ ಹೊಳೆಯಿತು ನೋಡಿ. ಲ್ಯಾಪ್‌ಟಾಪಿನಲ್ಲಿ ರಿಸೀವ್ ಪವರ್ ನೋಡುತ್ತಾ ನಿಧಾನಕ್ಕೆ ಬಾಗಿಲು ತಳ್ಳಿದೆ: -17, -20, -25, ಪೂರ್ತಿ ಮುಚ್ಚಿದಾಗ -29. ಯಾರೋ ಪುಣ್ಯಾತ್ಮರು ಪ್ಯಾಚ್ ಕಾರ್ಡಿನ ಉಳಿದ ಉದ್ದವನ್ನು ಸುತ್ತಿ ಬಾಗಿಲ ಕೀಲಿನ ಸಂದಿಗೆ ತುರುಕಿದ್ದಾರೆ! ಬಾಗಿಲು ಹಾಕಿದಾಗಲೆಲ್ಲ ಫೈಬರ್ ಮಡಚಿಕೊಂಡು ಬೆಳಕು ಸೋರಿಹೋಗುತ್ತದೆ. 3 ಡಿಬಿ ಇಳಿದರೆ ಬೆಳಕು ಅರ್ಧ. 12 ಇಳಿದರೆ 16ರಲ್ಲಿ ಒಂದು ಪಾಲು. ಈ ರಿಸೀವರಿನ ಮಿತಿಯೇ -28. ಆ ಅಂಚಿನಲ್ಲಿ ನಿಂತರೆ ಅಲಾರಾಂ ಬರದೆ ಇರುತ್ತದಾ?

ಇನ್ನೂ ಸಿಟ್ಟು ಬರುವ ವಿಷಯ ಬೇರೆ ಇದೆ. ಆ ತುದಿಯಲ್ಲಿ ಎಲ್‌ಒಎಸ್ ಮೊದಲ ದಿನವೇ ಬಂದಿತ್ತು. ಬೆಳಕೇ ಬರ್ತಿಲ್ಲ ಅಂತ ಸೀದಾ ಹೇಳುವ ಅಲಾರಾಂ ಅದೊಂದೇ. ಅದು ಬಂದು ಹೋಗಿ ಕಿರಿಕಿರಿ ಮಾಡುತ್ತದೆ ಅಂತ ಶಿಫ್ಟಿನವರು ಯಾರೋ ಮಾಸ್ಕ್ ಮಾಡಿ, ಅಂದರೆ ಪರದೆಯಲ್ಲಿ ಕಾಣದ ಹಾಗೆ ಮಾಡಿ ಕೂತಿದ್ದಾರೆ! ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗಿದವನ ಬಾಯಿಗೆ ಬಟ್ಟೆ ತುರುಕಿ, ಹೊಗೆಗೆ ಕೆಮ್ಮಿದವನನ್ನು ಡಾಕ್ಟರ್ ಹತ್ತಿರ ಕಳಿಸಿದ ಹಾಗೆ. ಪರದೆ ತುಂಬ ಎಐಎಸ್ (ಹಿಂದೆ ಎಲ್ಲೋ ಸಿಗ್ನಲ್ ಹೋಗಿದೆ ಅಂತ ಮುಂದಿನವರಿಗೆ ತಿಳಿಸುವ ಅಲಾರಾಂ), ಆರ್‌ಡಿಐ, ಬರೀ ಕೆಮ್ಮು. 15 ನಿಮಿಷಕ್ಕೊಮ್ಮೆ ತಪ್ಪುಗಳ ಲೆಕ್ಕ ಇಡುವ ಕೌಂಟರುಗಳನ್ನಾದರೂ ತೆರೆದು ನೋಡಿದ್ದರೆ ತಪ್ಪಾದ ಸೆಕೆಂಡುಗಳು ಎಲ್ಲಿ ಗುಡ್ಡೆ ಬಿದ್ದಿವೆ ಅಂತ ಗೊತ್ತಾಗುತ್ತಿತ್ತು. ನೋಡುವವರು ಯಾರು? ಕೆಂಪು ಬಣ್ಣ ಹೋದರೆ ಸಾಕು ಅವರಿಗೆ.

ಪ್ಯಾಚ್ ಕಾರ್ಡ್ ಬಿಡಿಸಿ, ದೊಡ್ಡ ಸುತ್ತು ಮಾಡಿ ಕಟ್ಟಿದೆ. ಹತ್ತು ನಿಮಿಷದ ಕೆಲಸ. ಟಿಕೆಟ್‌ನಲ್ಲಿ ಕಾರಣ ಬರೆಯಲು ಹೋದರೆ ಪಟ್ಟಿಯಲ್ಲಿ "ಬಾಗಿಲು" ಅನ್ನುವುದೇ ಇಲ್ಲ. ನಾನು ಯೋಚಿಸುತ್ತಿರುವಾಗಲೇ ಕಂಟ್ರೋಲ್ ರೂಮಿನವರೇ "ಕಾರ್ಡ್ ದೋಷ, ಬದಲಾಯಿಸಲಾಗಿದೆ" ಅಂತ ಹಾಕಿ ಮುಚ್ಚಿದರು. ಚೆನ್ನಾಗಿರುವ ಎರಡು ಕಾರ್ಡುಗಳು ಈಗ ರಿಪೇರಿಗೆ ಹೋಗಿವೆ.

ಆ ಮಾಸ್ಕ್ ಇವತ್ತಿಗೂ ತೆಗೆದಿಲ್ಲ.