ಸಹಾನುಭೂತಿಗೆ ಶೇ. 80 ಅಂಕ ಕಡ್ಡಾಯ

ಸಾಫ್ಟ್‌ವೇರ್ ತಂಡಗಳಲ್ಲಿ ಸಹಾನುಭೂತಿಯ ಕೊರತೆಯಿದೆ ಎಂಬ ಸಂಗತಿ ಕೊನೆಗೂ ಎಚ್‌ಆರ್ ವಿಭಾಗದ ಗಮನಕ್ಕೆ ಬಂದಿರುವುದು ಸಂತೋಷದ ವಿಷಯ. ಬೆಂಗಳೂರಿನ ಹೊರವರ್ತುಲ ರಸ್ತೆಯ ಉದ್ದಕ್ಕೂ ಈಗ ಭಾವನಾತ್ಮಕ ಬುದ್ಧಿಮತ್ತೆಯ, ಅಂದರೆ ತನ್ನ ಮತ್ತು ಇತರರ ಭಾವನೆಗಳನ್ನು ಅರಿತು ನಡೆಯುವ ಜಾಣ್ಮೆಯ, ತರಬೇತಿಗಳದ್ದೇ ಸುಗ್ಗಿ. ಕೋರ್ಸ್ ಕಡ್ಡಾಯ, ಕೊನೆಗೆ ಪರೀಕ್ಷೆಯೂ ಉಂಟು, ಶೇ. 80 ಅಂಕ ಬಾರದವರು ಬರುವವರೆಗೂ ಬರೆಯಬಹುದು. ಹೀಗಾಗಿ ಜಾಣ ಎಂಜಿನಿಯರುಗಳು ವಿಡಿಯೊವನ್ನು ದುಪ್ಪಟ್ಟು ವೇಗದಲ್ಲಿ, ಸದ್ದಡಗಿಸಿ ಓಡಲು ಬಿಟ್ಟು, ಪಕ್ಕದ ಪರದೆಯಲ್ಲಿ ಕೋಡಿನ ದೋಷ (ಬಗ್) ತಿದ್ದುತ್ತಾ, ‘ಸಹೋದ್ಯೋಗಿ ಅಳುತ್ತಿದ್ದರೆ ನೀವೇನು ಮಾಡುತ್ತೀರಿ?’ ಎಂಬ ಪ್ರಶ್ನೆಗೆ ನಾಲ್ಕರಲ್ಲಿ ಅತಿ ಉದ್ದನೆಯ ಆಯ್ಕೆಯನ್ನು ಒತ್ತಿ ಪಾಸಾಗುತ್ತಿದ್ದಾರೆ. ಉದ್ದನೆಯ ಉತ್ತರವೇ ಸರಿ ಎಂಬುದು ಅವರು ಸಿಇಟಿ ಕಾಲದಲ್ಲೇ ಗಳಿಸಿದ ಜ್ಞಾನ. ಗಡುವು ತಪ್ಪಿಸಿದವರಿಗೆ ‘ನೀವು ಇನ್ನೂ ಸಹಾನುಭೂತಿಯನ್ನು ಪೂರ್ಣಗೊಳಿಸಿಲ್ಲ’ ಎಂಬ ಎಚ್ಚರಿಕೆಯ ಮೇಲ್ ಬರುತ್ತದೆ, ಮ್ಯಾನೇಜರ್‌ಗೂ ಅದರ ಪ್ರತಿ ಹೋಗುತ್ತದೆ.

ಸ್ಟ್ಯಾಂಡಪ್ ಎಂಬ ಬೆಳಗಿನ ತಂಡದ ಕಿರುಸಭೆಯಲ್ಲಿ ಅಂದಿನ ಮನಃಸ್ಥಿತಿಯನ್ನು ಒಂದು ಇಮೋಜಿಯಲ್ಲಿ ತಿಳಿಸುವ ಪದ್ಧತಿಯೂ ಶ್ಲಾಘನೀಯವೇ. ರಾತ್ರಿ ಎರಡಕ್ಕೆ ಗ್ರಾಹಕರು ಬಳಸುವ ವ್ಯವಸ್ಥೆಯೇ (ಪ್ರೊಡಕ್ಷನ್) ಕೆಟ್ಟು ನಿಂತು, ಆನ್‌ಕಾಲ್‌ನಲ್ಲಿ, ಅಂದರೆ ತುರ್ತು ಕರೆಗೆ ಓಗೊಡುವ ಸರದಿಯಲ್ಲಿದ್ದ ಹುಡುಗಿ ನಾಲ್ಕೂವರೆಯವರೆಗೆ ವ್ಯವಸ್ಥೆಯ ದಾಖಲೆಗಳನ್ನು (ಲಾಗ್) ಜಾಲಾಡಿ, ಸಾಫ್ಟ್‌ವೇರಿನ ಹಳೆಯ ಆವೃತ್ತಿಯನ್ನೇ ಮತ್ತೆ ಏರಿಸಿ, ಒಂಬತ್ತೂವರೆಗೆ ಕ್ಯಾಮೆರಾದ ಮುಂದೆ ಕುಳಿತು ಹಳದಿ ನಗುಮುಖವನ್ನು ಒತ್ತುತ್ತಾಳೆ. ಅಳುಮುಖ ಒತ್ತಿದರೆ ಸಿಗುವುದೇನೆಂದು ಅವಳಿಗೆ ತಿಳಿದಿದೆ: ಇನ್ನೂ ಅರ್ಧ ಗಂಟೆಯ ಮೀಟಿಂಗ್, ‘ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ’ ಎಂಬ ಕಲಿತ ವಾಕ್ಯ, ಆಮೇಲೆ ಅದೇ ಶುಕ್ರವಾರದ ಡೆಡ್‌ಲೈನ್.

ಈ ವಿಷಯದಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ನೆನಪಾಗುತ್ತಾರೆ. ಅದರ ತಿರುಳಾದ ಕರ್ನಲ್‌ಗೆ ಕೆಟ್ಟ ಕೋಡ್ ಕಳಿಸಿದವರನ್ನು ವರ್ಷಗಟ್ಟಲೆ ಬಹಿರಂಗವಾಗಿಯೇ ಝಾಡಿಸುತ್ತಿದ್ದ ಈ ಮಹನೀಯರು 2018ರ ಸೆಪ್ಟೆಂಬರಿನಲ್ಲಿ ಕ್ಷಮೆ ಕೇಳಿ, ಜನರ ಭಾವನೆಗಳನ್ನು ಅರಿಯಲು ನೆರವು ಪಡೆಯುವುದಾಗಿ ಹೇಳಿ ಕೆಲಸದಿಂದ ಕೆಲಕಾಲ ದೂರ ಸರಿದರು. ಬೈಗುಳವಿರುವ ತಮ್ಮ ಮೇಲ್ ಹೊರಹೋಗದಂತೆ ಫಿಲ್ಟರ್ ಹಾಕಿಕೊಳ್ಳಬೇಕೇನೋ ಎಂದು ತಮ್ಮನ್ನೇ ಗೇಲಿಯನ್ನೂ ಮಾಡಿಕೊಂಡರು. ಬೈದದ್ದು ಸರಿಯೆಂದು ಯಾರೂ ಹೇಳಲಾರರು. ಆದರೆ ನಮ್ಮ ಕಾರ್ಪೊರೇಟ್ ಕಚೇರಿಗಳು ಆ ಫಿಲ್ಟರನ್ನು ಎಂದೋ ಅಳವಡಿಸಿಕೊಂಡಿವೆ. ಇಲ್ಲಿ ಒಂದು ಕೆಟ್ಟ ಪದವೂ ಬಾಯಿಂದ ಹೊರಡುವುದಿಲ್ಲ. ‘ನಿಮ್ಮ ಮುಂದಿನ ಪಯಣಕ್ಕೆ ಶುಭವಾಗಲಿ’ ಎಂಬ ಮೇಲ್ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್ ಆಗಿರುತ್ತದೆ. ಅಮೆರಿಕದ ಗೃಹಸಾಲ ಕಂಪನಿ ಬೆಟರ್ ಡಾಟ್ ಕಾಮ್‌ನ ಮುಖ್ಯಸ್ಥ ವಿಶಾಲ್ ಗರ್ಗ್ 2021ರ ಡಿಸೆಂಬರಿನಲ್ಲಿ ಸುಮಾರು 900 ಮಂದಿಯನ್ನು ಒಂದೇ ಝೂಮ್ ಕರೆಯಲ್ಲಿ ಮನೆಗೆ ಕಳಿಸುವಾಗ, ಹಿಂದೊಮ್ಮೆ ಹೀಗೆ ಮಾಡಿದಾಗ ತಾನು ಅತ್ತಿದ್ದಾಗಿಯೂ ಈ ಬಾರಿ ಗಟ್ಟಿಯಾಗಿರಲು ಬಯಸುವುದಾಗಿಯೂ ಹೇಳಿದ್ದರು. ಕೆಲಸ ಹೋದವರೇ ಕೆಲಸ ಕಿತ್ತುಕೊಂಡವರನ್ನು ಸಂತೈಸಬೇಕಾದ ಮಟ್ಟಕ್ಕೆ ಭಾವನಾತ್ಮಕ ಬುದ್ಧಿಮತ್ತೆ ಬೆಳೆದಿದೆ.

ನಮ್ಮ ರಾಜ್ಯವೇನೂ ಹಿಂದುಳಿದಿಲ್ಲ. 2024ರ ಜುಲೈನಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು ಓವರ್‌ಟೈಮ್ ಸೇರಿ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಸರ್ಕಾರದ ಮುಂದೆ ಬಂತು. ಕಂಪನಿಗಳ ಒತ್ತಡವಿದೆಯೆಂದು ಕಾರ್ಮಿಕ ಸಚಿವರೇ ಹೇಳಿದರು. ಐಟಿ ನೌಕರರ ಸಂಘ ತಿರುಗಿಬಿದ್ದಿತು. ಹದಿನಾಲ್ಕು ಗಂಟೆ ದುಡಿದು, ಸಿಲ್ಕ್ ಬೋರ್ಡ್ ವೃತ್ತದ ಟ್ರಾಫಿಕ್ ದಾಟಿ ಮನೆ ಸೇರಿದವರು ಉಳಿದ ಹೊತ್ತಿನಲ್ಲಿ ಉಣ್ಣಬೇಕೋ, ಮಲಗಬೇಕೋ, ಮಕ್ಕಳ ಮುಖ ನೋಡಬೇಕೋ ಎಂಬುದನ್ನು ಯಾವ ತರಬೇತುದಾರರೂ ಸ್ಲೈಡಿನಲ್ಲಿ ತೋರಿಸುವುದಿಲ್ಲ.

ಸಾಕಾಗಿದೆ. ಯಾರಿಗೂ ಇಮೋಜಿ ಬೇಕಾಗಿಲ್ಲ. ರಾತ್ರಿಯಿಡೀ ಆನ್‌ಕಾಲ್ ಮಾಡಿದವಳಿಗೆ ಮರುದಿನ ರಜೆ ಕೊಡಿ. ಆರು ವಾರದ ಕೆಲಸವನ್ನು ಮೂರೇ ವಾರದಲ್ಲಿ ಮುಗಿಸಿಕೊಡುತ್ತೇವೆಂದು ಕ್ಲೈಂಟ್‌ಗೆ ಮಾತು ಕೊಟ್ಟವರು ಅದು ಆಗುವುದಿಲ್ಲವೆಂದು ತಾವೇ ಹೋಗಿ ಹೇಳಲಿ. ಇದಕ್ಕೆ ತರಬೇತಿ ಬೇಕಿಲ್ಲ, ಖರ್ಚಾಗುತ್ತದೆ ಅಷ್ಟೆ. ಹಾಗಾಗಿಯೇ ಈ ಪಾಠ ಯಾವ ಕೋರ್ಸಿನಲ್ಲೂ ಇಲ್ಲ.